ಮೇಯಿಸುವವರು ನಾವು, ನೋಡುವವರು ಅವರು

ಒಂದು ಲೆಕ್ಕ ಹಾಕೋಣ ಬರ್ರಿ. ನಿಮ್ಮ ಓಣಿಯಲ್ಲಿ ಚಿಗರಿ ಹಿಂಡು ನೋಡಿದವರು ಎಷ್ಟು ಮಂದಿ? ನವಲಗುಂದ, ಅಣ್ಣಿಗೇರಿ ಕಡೆಯವರಾದರೆ ಮನೆಮಂದಿಯೆಲ್ಲ ನೋಡಿರುತ್ತೀರಿ. ಕಲಘಟಗಿಯ ಕಾಡಂಚಿನ ಊರವರಾದರೆ ಭತ್ತದ ಗದ್ದೆಯಲ್ಲಿ ಆನೆ ಹೆಜ್ಜೆ ಕಂಡವರು ಸಿಗುತ್ತಾರೆ.

ಈಗ ಎರಡನೇ ಪ್ರಶ್ನೆ. ದಾಂಡೇಲಿಗೆ ಹೋಗಿ, ಟಿಕೆಟ್ ತೆಗೆಸಿ, ಜೀಪು ಹತ್ತಿ, ಕಾಳಿ ಹುಲಿ ಮೀಸಲು ಪ್ರದೇಶದೊಳಗೆ ಸಫಾರಿ ಮಾಡಿ ಬಂದವರು ಎಷ್ಟು ಮಂದಿ? ಎಣಿಸಲು ಒಂದು ಕೈಯ ಬೆರಳು ಸಾಕು. ಬಹಳ ಓಣಿಗಳಲ್ಲಿ ಅದೂ ಬೇಕಾಗುವುದಿಲ್ಲ.

ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿ ಸುಮಾರು 55 ಕಿ.ಮೀ. ಬೆಂಗಳೂರಿನಿಂದ 450 ಕಿ.ಮೀ.ಗೂ ಹೆಚ್ಚು. ಆದರೂ ಶನಿವಾರ, ಭಾನುವಾರ ಅಲ್ಲಿನ ರೆಸಾರ್ಟ್‌ಗಳ ಮುಂದೆ ನಿಲ್ಲುವುದು ಬೆಂಗಳೂರು, ಪುಣೆ, ಗೋವಾ ಕಡೆಯ ಕಾರುಗಳು. ಹತ್ತಿರ ಇದ್ದವರಿಗೆ ಕಾಡು ದೂರ, ದೂರ ಇದ್ದವರಿಗೆ ಹತ್ತಿರ.

ನಮ್ಮ ವಾದ ಇಷ್ಟೇ. ಕಾಡುಪ್ರಾಣಿಯ ಖರ್ಚು ಹೊರುವ ಹಳ್ಳಿಯವರಿಗೆ, ಆ ಪ್ರಾಣಿಯನ್ನು ಅದರ ಕಾಡಿನಲ್ಲೇ ಕಡಿಮೆ ಖರ್ಚಿನಲ್ಲಿ ನೋಡುವ ಹಕ್ಕು ಇರಬೇಕು. ಸರ್ಕಾರ ಇದನ್ನು ದಯೆ ಅಂತ ಕೊಡೋದು ಬೇಡ. ನಮಗೆ ಕೊಡಬೇಕಾದ ಬಾಕಿ ಅಂತ ತೀರಿಸಲಿ.

ಖರ್ಚು ಯಾರ ಹೆಸರಿಗೆ?

ಎರಿ ಹೊಲದಲ್ಲಿ ಹೆಸರು ಮೊಳಕೆ ಒಡೆದು ಎರಡೆಲೆ ಬಿಟ್ಟ ಹೊತ್ತಿಗೆ ಚಿಗರಿ ಬರುತ್ತವೆ. ಹಿಂಗಾರಿಗೆ ಕಡಲೆ ಎದ್ದಾಗ ಮತ್ತೆ ಬರುತ್ತವೆ. ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಹೊಲದ ಸುತ್ತ ಹಳೇ ಸೀರೆ ಕಟ್ಟುತ್ತೇವೆ, ಬೆದರುಗೊಂಬೆ ನಿಲ್ಲಿಸುತ್ತೇವೆ, ರಾತ್ರಿ ಬ್ಯಾಟರಿ ಹಿಡಿದು ಬದುವಿನ ಮೇಲೆ ಕೂರುತ್ತೇವೆ. ಹಗಲು ದುಡಿದವರೇ ರಾತ್ರಿ ಕಾವಲು. ಈ ಕಾವಲಿನ ಕೂಲಿಯನ್ನು ಯಾವ ಸರ್ಕಾರವೂ ಲೆಕ್ಕಕ್ಕೆ ಹಿಡಿದಿಲ್ಲ.

ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ. ಹೊಡೆಯುವಂತಿಲ್ಲ, ಹಿಡಿಯುವಂತಿಲ್ಲ. ಸರಿ, ಒಪ್ಪೋಣ. ಹೊಡೆಯಬೇಕು ಅಂತ ನಾವೂ ಹೇಳುವುದಿಲ್ಲ. ಆದರೆ ಬೆಳೆ ಹೋದವರು ಪರಿಹಾರ ಕೇಳಿದರೆ ಅರ್ಜಿ, ಪಹಣಿ, ಫೋಟೋ, ಸ್ಥಳ ಪರಿಶೀಲನೆ ಅಂತ ಓಡಾಡಬೇಕು. ಜಿಂಕೆವನ ಮಾಡ್ರಿ ಅನ್ನುವ ಬೇಡಿಕೆ ಈ ಭಾಗದಲ್ಲಿ ಹಳೆಯದು. ಅದು ಭಾಷಣದಲ್ಲಿ ಬರುತ್ತದೆ, ಹೊಲದ ತನಕ ಬರುವುದಿಲ್ಲ.

ಕಲಘಟಗಿಯ ಕಥೆ ಬೇರೆ, ಭಾರ ಒಂದೇ. ಭತ್ತ, ಕಬ್ಬು ಬೆಳೆದು ನಿಂತಾಗ ದಾಂಡೇಲಿ ಕಡೆಯಿಂದ ಆನೆ ಇಳಿಯುತ್ತವೆ. ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ನೆಲಕ್ಕೆ ಸೇರುತ್ತದೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಇವೆ, ದೇಶಕ್ಕೇ ಮೊದಲ ಸ್ಥಾನ ಅಂತ ಹೆಮ್ಮೆಯಿಂದ ಹೇಳಿದರು. 2022ರ ಅಂದಾಜಿನಲ್ಲಿ 563 ಹುಲಿ, ದೇಶದಲ್ಲಿ ಎರಡನೇ ಸ್ಥಾನ. ಹೆಮ್ಮೆ ಪಡುವ ಮಾತೇ. ಆದರೆ ಆ ಆನೆಗಳು ವಿಧಾನಸೌಧದ ಹುಲ್ಲುಹಾಸು ಮೇಯುವುದಿಲ್ಲ.

ನವಲಗುಂದದವರಿಗೆ ಇನ್ನೊಂದು ಗಂಟು ಇದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಕಳಸಾ, ಬಂಡೂರಿ ಎರಡೂ ಸೇರಿ ಮಲಪ್ರಭೆಗೆ 3.9 ಟಿಎಂಸಿ. ಆದರೆ ಕಾಮಗಾರಿಗೆ ಅರಣ್ಯ ಮತ್ತು ವನ್ಯಜೀವಿ ಅನುಮತಿ ಬೇಕು, ಅಲ್ಲಿ ಎದ್ದ ಪ್ರಶ್ನೆಗಳಲ್ಲಿ ಹುಲಿ ಓಡಾಡುವ ದಾರಿಯದೂ ಒಂದು. ಆ ಪ್ರಶ್ನೆ ಸುಳ್ಳು ಅಂತ ನಾವು ಹೇಳುವುದಿಲ್ಲ. ಕಾಡು ಉಳಿಯದೆ ಹೊಳೆ ಉಳಿಯುವುದಿಲ್ಲ, ಮಲಪ್ರಭೆ ಹುಟ್ಟುವುದೂ ಅದೇ ಬೆಟ್ಟದ ಸಾಲಿನಲ್ಲಿ. ಆದರೆ ಯೋಚಿಸಿ ನೋಡ್ರಿ. ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ರೈತನಿಗೆ ಹುಲಿ ಅನ್ನುವ ಮಾತು ಕೇಳಿಬರುವುದು ‘ಇಲ್ಲ’ ಅನ್ನುವ ಕಾಗದದಲ್ಲಿ ಮಾತ್ರ. ಆ ಹುಲಿಯ ಕಾಡನ್ನು ಅವನಿಗೆ ಒಂದು ಸಲ ತೋರಿಸಬೇಕು ಅಂತ ಯಾರಿಗೂ ಅನ್ನಿಸಿಲ್ಲ.

ನಮಗೆ ಕಾಡಿನ ದಾರಿ ಹೊಸದಲ್ಲ

‘ಹಳ್ಳಿ ಮಂದಿಗೆ ಕಾಡು ನೋಡುವ ಹವ್ಯಾಸ ಎಲ್ಲಿದೆ?’ ಅಂತ ಕೇಳುವವರು ಇದ್ದಾರೆ. ಅವರು ಭಾರತ ಹುಣ್ಣಿಮೆ ಹೊತ್ತಿಗೆ ಹಳಿಯಾಳ ರಸ್ತೆಗೆ ಬಂದು ನಿಲ್ಲಲಿ. ಧಾರವಾಡ, ಬೆಳಗಾವಿ, ಹಾವೇರಿ, ಗದಗ ಸೀಮೆಯ ಚಕ್ಕಡಿಗಳು ಸಾಲು ಹಿಡಿದು ಉಳವಿಗೆ ಹೋಗುತ್ತವೆ. ಎತ್ತಿಗೆ ಜೂಲ, ಕೊಂಬಿಗೆ ಗೊಂಡೆ, ಚಕ್ಕಡಿಯಲ್ಲಿ ಬುತ್ತಿ ಗಂಟು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಎತ್ತಿಗೆ ಮೇವು. ರಾತ್ರಿ ಎಲ್ಲಿ ನೀರು ಸಿಗುತ್ತದೋ ಅಲ್ಲೇ ವಸ್ತಿ.

ಉಳವಿ ಇರುವುದು ಜೋಯಿಡಾ ತಾಲೂಕಿನಲ್ಲಿ, ಕಾಳಿ ಹುಲಿ ಮೀಸಲು ಪ್ರದೇಶದ ಕಾಡಿನ ನಡುವೆ. ಚನ್ನಬಸವಣ್ಣನ ಗುಡಿಗೆ ಹೋಗುವ ದಾರಿಯಲ್ಲಿ ನಮ್ಮ ಅಜ್ಜಂದಿರು ಆನೆ ನೋಡಿದರು, ಕಾಟಿ ನೋಡಿದರು, ಮಂಗಟ್ಟೆ ಹಕ್ಕಿಯ ರೆಕ್ಕೆ ಸಪ್ಪಳ ಕೇಳಿದರು. ಜೀಪು ಇರಲಿಲ್ಲ, ಗೈಡ್ ಇರಲಿಲ್ಲ, ಪ್ಯಾಕೇಜ್ ಇರಲಿಲ್ಲ. ಕಡಿಮೆ ಖರ್ಚಿನಲ್ಲಿ, ಸ್ವಂತ ಬಲದ ಮೇಲೆ ಕಾಡು ಸುತ್ತಿ ಬರುವುದನ್ನು ಪೇಟೆ ಮಂದಿ ಈಗ ಕಲಿತು ಅದಕ್ಕೊಂದು ಇಂಗ್ಲಿಷ್ ಹೆಸರು ಕೊಟ್ಟಿದ್ದಾರೆ. ನಮ್ಮ ಸೀಮೆಯಲ್ಲಿ ಅದು ಜಾತ್ರೆ.

ಆ ಕಾಡಿನಲ್ಲಿ ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಆದವು. 2007ರಲ್ಲಿ ಎರಡೂ ಸೇರಿ ಹುಲಿ ಮೀಸಲು ಪ್ರದೇಶ ಆಯಿತು. 2015ರಲ್ಲಿ ಕಾಳಿ ಅಂತ ಹೆಸರಾಯಿತು. ಕಾಯ್ದೆ ಬಂದದ್ದಕ್ಕೆ ನಮ್ಮ ತಕರಾರಿಲ್ಲ, ಬರದಿದ್ದರೆ ಅಲ್ಲಿ ಇಷ್ಟೊತ್ತಿಗೆ ಏನೂ ಉಳಿಯುತ್ತಿರಲಿಲ್ಲ. ತಕರಾರು ಇರುವುದು ಕಾಡು ನೋಡುವ ವ್ಯವಸ್ಥೆ ಬೆಳೆದ ರೀತಿಗೆ. ಬೆಳಗಿನ ಸಫಾರಿಗೆ ನಸುಕಿನಲ್ಲೇ ಅಲ್ಲಿರಬೇಕು. ನಮ್ಮೂರಿನ ಮೊದಲ ಬಸ್ಸು ಹಿಡಿದರೆ ಆ ಹೊತ್ತಿಗೆ ಮುಟ್ಟಲು ಆಗುವುದಿಲ್ಲ. ಅಂದರೆ ಹಿಂದಿನ ರಾತ್ರಿ ಅಲ್ಲೇ ಉಳಿಯಬೇಕು. ಉಳಿದರೆ ರೆಸಾರ್ಟ್. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ಅಲ್ಲಿಯೂ ತಲೆಗೆ, ರಾತ್ರಿಗೆ ಸಾವಿರಗಳ ಲೆಕ್ಕ. ಗಂಡ, ಹೆಂಡತಿ, ಎರಡು ಮಕ್ಕಳು ಹೋಗಬೇಕಾದರೆ ಒಂದು ಹಂಗಾಮಿನ ಬೀಜ, ಗೊಬ್ಬರದ ದುಡ್ಡು ಅಲ್ಲಿಗೇ ಹೋಗುತ್ತದೆ.

ಹಾಗಾಗಿ ನಮ್ಮ ಮಕ್ಕಳು ಹುಲಿ ನೋಡುವುದು ಗದಗಿನ ಬಿಂಕದಕಟ್ಟಿ ಮೃಗಾಲಯದಲ್ಲಿ, ಇಲ್ಲವೇ ಫೋನಿನಲ್ಲಿ.

ಚೀತಾ ಬಂತು, ಟಿಕೆಟ್ ಪದ್ಧತಿ ಬರಲಿಲ್ಲ

ಫೋನಿನ ಮಾತು ಬಂತು ಅಂತ ಹೇಳುತ್ತೇವೆ. ಸಿಂಹ ರಸ್ತೆಗೆ ಅಡ್ಡ ಮಲಗಿದ್ದು, ಆನೆ ಕಾರಿನ ಪಕ್ಕದಲ್ಲೇ ದಾಟಿದ್ದು, ಇಂಥ ವಿಡಿಯೋ ನೀವು ನೋಡಿರುತ್ತೀರಿ. ಅವುಗಳಲ್ಲಿ ಬಹಳಷ್ಟು ದಕ್ಷಿಣ ಆಫ್ರಿಕಾ ದೇಶದ ಕ್ರೂಗರ್ ರಾಷ್ಟ್ರೀಯ ಉದ್ಯಾನದವು. ತೆಗೆದವರು ದೊಡ್ಡ ಕ್ಯಾಮೆರಾದವರೇ ಆಗಬೇಕಿಲ್ಲ. ತಮ್ಮ ಕಾರಿನಲ್ಲಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋದ ಸಾಮಾನ್ಯ ಮಂದಿಯೂ ಅದರಲ್ಲಿ ಇದ್ದಾರೆ.

ಕ್ರೂಗರ್ ಸುಮಾರು 20,000 ಚದರ ಕಿ.ಮೀ. ಇದೆ. ನಮ್ಮ ಧಾರವಾಡ ಜಿಲ್ಲೆಯಂಥ ನಾಲ್ಕು ಜಿಲ್ಲೆ ಅದರಲ್ಲಿ ಹಿಡಿಯುತ್ತವೆ. ಅಲ್ಲಿ ಜೀಪು ಬಾಡಿಗೆ ಹಿಡಿಯಲೇಬೇಕು ಅಂತಿಲ್ಲ. ಸ್ವಂತ ಗಾಡಿಯಲ್ಲಿ ಗೇಟಿಗೆ ಹೋಗಿ, ಪ್ರವೇಶ ಶುಲ್ಕ ಕಟ್ಟಿ, ಒಳಗೆ ಹೋಗಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ದಾಟುವಂತಿಲ್ಲ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆ ಕಡೆ ಗಾಡಿಯಿಂದ ಇಳಿಯುವಂತಿಲ್ಲ. ಬುತ್ತಿ ಒಯ್ಯಬಹುದು, ಬೇಲಿ ಹಾಕಿದ ಶಿಬಿರದಲ್ಲಿ ಟೆಂಟ್ ಹೊಡೆಯಬಹುದು, ಅಲ್ಲೇ ಅಡುಗೆ ಮಾಡಿಕೊಳ್ಳಬಹುದು. ಪಕ್ಕದ ನಮೀಬಿಯಾ ದೇಶದ ಎಟೋಶಾದಲ್ಲೂ ಇದೇ ರೀತಿ. ಅಲ್ಲಿ ಶಿಬಿರದ ಪಕ್ಕದ ನೀರಿನ ಹೊಂಡಕ್ಕೆ ರಾತ್ರಿ ದೀಪ ಹಾಕಿರುತ್ತಾರೆ. ಟೆಂಟಿನವನೂ, ದೊಡ್ಡ ರೂಮಿನವನೂ ಒಂದೇ ಕಟ್ಟೆ ಮೇಲೆ ಕೂತು ಘೇಂಡಾಮೃಗ ನೀರು ಕುಡಿಯುವುದನ್ನು ನೋಡುತ್ತಾರೆ.

ನಮಗೆ ಮುಖ್ಯವಾದದ್ದು ಕ್ರೂಗರ್‌ನ ಟಿಕೆಟ್. ಅದಕ್ಕೆ ಮೂರು ದರ. ಹೊರದೇಶದವರಿಗೆ ಪೂರ್ತಿ. ಆಜೂಬಾಜು ದೇಶದವರಿಗೆ ಸುಮಾರು ಅರ್ಧ. ತಮ್ಮ ದೇಶದವರಿಗೆ ಸುಮಾರು ಕಾಲುಭಾಗ. ಅದಲ್ಲದೆ ವರ್ಷಕ್ಕೊಮ್ಮೆ, ಸೆಪ್ಟೆಂಬರ್‌ನಲ್ಲಿ, ಗುರುತಿನ ಚೀಟಿ ತೋರಿಸಿದ ದೇಶದ ಪ್ರಜೆಗೆ ರಾಷ್ಟ್ರೀಯ ಉದ್ಯಾನಗಳಲ್ಲಿ ಬಿಟ್ಟಿ ಪ್ರವೇಶ ಕೊಡುವ ಒಂದು ವಾರ ಇದೆ.

ಆ ದೇಶವನ್ನು ಸ್ವರ್ಗ ಅಂತ ಹೇಳುತ್ತಿಲ್ಲ. ವರ್ಣಭೇದದ ಕಾಲದಲ್ಲಿ ಕರಿಯರಿಗೆ ಕ್ರೂಗರ್‌ನ ಮುಖ್ಯ ಶಿಬಿರಗಳಲ್ಲಿ ಉಳಿಯಲು ಬಿಡುತ್ತಿರಲಿಲ್ಲ. ಮಕುಲೆಕೆ ಅನ್ನುವ ಸಮುದಾಯವನ್ನು 1969ರಲ್ಲಿ ಉದ್ಯಾನಕ್ಕಾಗಿ ಒತ್ತಾಯದಿಂದ ಒಕ್ಕಲೆಬ್ಬಿಸಿದರು. ಆದರೆ 1998ರಲ್ಲಿ ಆ ನೆಲದ ಒಡೆತನ ಅವರಿಗೆ ವಾಪಸ್ ಸಿಕ್ಕಿತು. ಅವರು ಅದನ್ನು ಕಾಡಾಗಿಯೇ ಉಳಿಸಿಕೊಂಡು, ಪ್ರವಾಸಿಗರಿಂದ ಬರುವ ಆದಾಯ ತಮ್ಮ ಊರಿಗೆ ಬರುವಂತೆ ಮಾಡಿಕೊಂಡರು. ನಮೀಬಿಯಾ 1996ರಲ್ಲಿ ಕಾಯ್ದೆ ತಿದ್ದಿ, ಊರಿನವರೇ ಸಂಘ ಕಟ್ಟಿಕೊಂಡು ತಮ್ಮ ನೆಲದ ಕಾಡುಪ್ರಾಣಿಯಿಂದ ಆದಾಯ ಪಡೆಯುವ ಹಕ್ಕು ಕೊಟ್ಟಿತು. ಇಂಥ 86 ಸಂಘ ಈಗ ಅಲ್ಲಿವೆ. ಅಲ್ಲಿಯೂ ಆನೆ ಬೆಳೆ ತುಳಿಯುತ್ತದೆ, ಸಿಂಹ ದನ ಹಿಡಿಯುತ್ತದೆ, ಆದಾಯ ಸಾಲದು ಅನ್ನುವ ಜಗಳವೂ ಇದೆ. ಆದರೆ ಆ ಜಗಳ ಪಾಲು ಎಷ್ಟು ಅನ್ನುವುದರ ಮೇಲೆ ನಡೆಯುತ್ತದೆ. ನಮ್ಮಲ್ಲಿ ಪಾಲು ಅನ್ನುವ ಮಾತೇ ಇನ್ನೂ ಹುಟ್ಟಿಲ್ಲ.

ನಮ್ಮ ದೇಶ 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾ ತಂದಿತು, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12. ವಿಮಾನದಲ್ಲಿ ಚೀತಾ ತರಲು ದುಡ್ಡಿತ್ತು. ಅಲ್ಲಿನ ಟಿಕೆಟ್ ಪದ್ಧತಿ ತರಲು ಪೈಸೆ ಖರ್ಚಿಲ್ಲ. ಅದನ್ನು ಮಾತ್ರ ಅಲ್ಲೇ ಬಿಟ್ಟು ಬಂದರು.

ಬಾಗಿಲು ಹಾಕಿದರೆ ಏನಾಗುತ್ತದೆ?

ಅದೇ ಆಫ್ರಿಕಾದಲ್ಲಿ ಬೋಟ್ಸ್ವಾನಾ ಅನ್ನುವ ದೇಶ ಬೇರೆ ದಾರಿ ಹಿಡಿಯಿತು. ಮಂದಿ ಕಡಿಮೆ, ದುಡ್ಡು ಹೆಚ್ಚು ಅನ್ನುವುದು ಅದರ ಪ್ರವಾಸ ನೀತಿ. ಒಕವಾಂಗೊ ಕಡೆಯ ಶಿಬಿರಗಳಲ್ಲಿ ಒಂದು ರಾತ್ರಿಗೆ ಹತ್ತಾರು ಸಾವಿರ ರೂಪಾಯಿ. ಕಾಡು ಚೊಕ್ಕಟ ಉಳಿಯಿತು, ನಿಜ. ಆನೆ ಸಂಖ್ಯೆ ಲಕ್ಷ ದಾಟಿತು. 2014ರಲ್ಲಿ ಬೇಟೆಗೆ ನಿಷೇಧವೂ ಬಂತು. ಆದರೆ ಆನೆ ತುಳಿದ ಹೊಲದ ಒಡೆಯರ ಸಿಟ್ಟು ಒಳಗೊಳಗೇ ಬೆಳೆದು ರಾಜಕೀಯಕ್ಕೆ ಬಂತು. 2019ರಲ್ಲಿ ಸರ್ಕಾರ ಆ ನಿಷೇಧ ತೆಗೆದುಹಾಕಿತು.

ನಮ್ಮಲ್ಲಿ ಹೀಗಾಗುವುದಿಲ್ಲ ಅಂತ ಯಾರೂ ತಿಳಿಯಬೇಡ್ರಿ. 2025ರ ನವೆಂಬರ್‌ನಲ್ಲಿ ಮೈಸೂರು, ಚಾಮರಾಜನಗರ ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತಾಗ ಊರಿನವರು ಸಫಾರಿ ನಿಲ್ಲಿಸ್ರಿ ಅಂತ ಎದ್ದರು. ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲು ಸರ್ಕಾರ ಆದೇಶ ಕೊಡಬೇಕಾಯಿತು. ಜೀಪಿನಲ್ಲಿ ಕೂತವರಿಗೆ ಹುಲಿ ಫೋಟೋ, ದನ ಕಾಯುವವನಿಗೆ ಹುಲಿ ಸಾವು. ಈ ಎರಡರ ನಡುವೆ ಯಾವ ಕೊಂಡಿಯೂ ಇಲ್ಲದಿದ್ದರೆ ಸಿಟ್ಟು ಮೊದಲು ಬೀಳುವುದು ಜೀಪಿನ ಮೇಲೆ, ಆಮೇಲೆ ಹುಲಿಯ ಮೇಲೆ.

ನಮ್ಮ ಸೀಮೆಯೂ ಒಂದು ಪ್ರಾಣಿಯನ್ನು ಕಳೆದುಕೊಂಡು ಕೂತಿದೆ. ಎರೆಭೂತ ಅಂತ ಹಿರಿಯರು ಕರೆಯುತ್ತಿದ್ದ ದೊಡ್ಡ ಹಕ್ಕಿ ಎರಿ ಸೀಮೆಯ ಬಯಲುಗಳಲ್ಲಿ ಇತ್ತು. ರಾಣೆಬೆನ್ನೂರಿನ ಅಭಯಾರಣ್ಯದಲ್ಲೂ ಒಂದು ಕಾಲಕ್ಕೆ ಇತ್ತು. ಈಗ ಅಲ್ಲಿ ಇಲ್ಲ. ಇಡೀ ದೇಶದಲ್ಲೇ ಬೆರಳೆಣಿಕೆಯ ಜಾಗದಲ್ಲಿ ಉಳಿದಿದೆ. ಅದು ಹೋದಾಗ ನಮ್ಮೂರುಗಳಲ್ಲಿ ಯಾರೂ ಅಳಲಿಲ್ಲ. ಅದು ನಮ್ಮದು ಅಂತ ನಮಗೆ ಯಾರೂ ಹೇಳಿರಲಿಲ್ಲ, ಹೇಳುವ ಪುಸ್ತಕ ನಮ್ಮ ಕೈಗೆ ಬಂದಿರಲಿಲ್ಲ. ನಾಳೆ ಚಿಗರಿಗೂ ಇದೇ ಗತಿ ಬಂದರೆ ಎಷ್ಟು ಮಂದಿಗೆ ಬೇಜಾರಾಗುತ್ತದೆ, ನಿಮ್ಮ ಎದೆ ಮುಟ್ಟಿಕೊಂಡು ಹೇಳ್ರಿ.

ಅವರು ಹೇಳುವ ನೆಪ

ಒಂದನೇ ನೆಪ: ‘ಹಳ್ಳಿ ಮಂದಿ ಬಂದರೆ ಗದ್ದಲ, ಪ್ಲಾಸ್ಟಿಕ್.’ ಜಾತ್ರೆ ಮುಗಿದ ಮೇಲೆ ಉಳವಿಯಲ್ಲಿ, ಯಲ್ಲಮ್ಮನ ಗುಡ್ಡದಲ್ಲಿ ಬೀಳುವ ಕಸ ನಮಗೂ ಕಾಣುತ್ತದೆ, ಅದು ನಮ್ಮ ಊನ. ಆದರೆ ದಾಂಡೇಲಿ ಹೊಳೆದಂಡೆಯ ಬಾಟಲಿಗಳು ನಮ್ಮ ಚಕ್ಕಡಿಯಿಂದ ಬಿದ್ದವಲ್ಲ. ನಿಯಮ ಎಲ್ಲರಿಗೂ ಒಂದೇ ಇರಲಿ, ಮುರಿದವರಿಗೆ ದಂಡ ಹಾಕಲಿ. ಬಾಗಿಲಲ್ಲಿ ಚೀಲ ನೋಡಿ ಒಳಗೆ ಬಿಡಲಿ, ಚಪ್ಪಲಿ ನೋಡಿ ಅಲ್ಲ.

ಎರಡನೇ ನೆಪ: ‘ಕಾಡಿಗೆ ಇಷ್ಟೇ ಗಾಡಿ ಬಿಡಬೇಕು ಅಂತ ಮಿತಿ ಇದೆ.’ ಇರಲೇಬೇಕು. ಮಿತಿ ಹೆಚ್ಚಿಸ್ರಿ ಅಂತ ನಾವು ಕೇಳುವುದಿಲ್ಲ. ಇದ್ದ ಸೀಟಿನಲ್ಲಿ ನಮಗೊಂದು ಪಾಲು ಕೊಡ್ರಿ ಅಂತ ಕೇಳುತ್ತೇವೆ. ಐದು ಜೀಪಿನಲ್ಲಿ ಹೋಗುವಷ್ಟು ಮಂದಿ ಒಂದು ಸಣ್ಣ ಬಸ್ಸಿನಲ್ಲಿ ಹೋಗುತ್ತಾರೆ. ಐದು ಇಂಜಿನ್ ಸಪ್ಪಳದ ಬದಲು ಒಂದು. ಬಂಡೀಪುರದಲ್ಲಿ ಅರಣ್ಯ ಇಲಾಖೆಯೇ ಬಸ್ ಸಫಾರಿ ನಡೆಸಿದ ರೂಢಿ ಇದೆ, ಇದು ಹೊಸ ವಿದ್ಯೆ ಏನಲ್ಲ.

ಮೂರನೇ ನೆಪ: ‘ಇಲಾಖೆಗೆ ಆದಾಯ ಬೇಕು.’ ಬೇಕು, ತಗೊಳ್ಳಲಿ. ದೊಡ್ಡ ಕಾರಿನಲ್ಲಿ ಬಂದು ದೊಡ್ಡ ರೂಮು ಹಿಡಿದವರಿಂದ ಇನ್ನೂ ಸ್ವಲ್ಪ ಹೆಚ್ಚು ತಗೊಳ್ಳಲಿ. ಕ್ರೂಗರ್‌ನ ಮೂರು ದರ ಇರುವುದೇ ಅದಕ್ಕೆ.

ನಾಲ್ಕನೆಯದು ನಮ್ಮವರೇ ಹೇಳುವ ಮಾತು: ‘ಮೊದಲು ಹೊಟ್ಟೆ, ಆಮೇಲೆ ಹುಲಿ. ಕಾಡು ನೋಡಿ ಏನು ಮಾಡೋದೈತಿ?’ ಈ ಮಾತಿಗೆ ನಾವು ಗೌರವ ಕೊಡುತ್ತೇವೆ, ಒಪ್ಪುವುದಿಲ್ಲ. ಬರಗಾಲದಲ್ಲೂ ನಮ್ಮ ಮಂದಿ ಉಳವಿಗೆ ಹೋದರು, ಮೈಲಾರಕ್ಕೆ ಹೋದರು, ಸವದತ್ತಿಗೆ ಹೋದರು. ಹೊಟ್ಟೆ ತುಂಬಿದ ಮೇಲೆ ಹೋಗೋಣ ಅಂತ ಕಾಯಲಿಲ್ಲ. ಹೊಸದು ನೋಡಬೇಕು ಅನ್ನುವ ಆಸೆ ದುಡ್ಡಿದ್ದವರಿಗೆ ಮಾತ್ರ ಹುಟ್ಟುವ ಕಾಯಿಲೆ ಅಲ್ಲ. ಇನ್ನೊಂದು ಕಾರಣವೂ ಇದೆ. ಕಾಡಿನ ಬಗ್ಗೆ ಸಭೆ ನಡೆದಾಗ, ಕಾರಿಡಾರ್, ಬಫರ್ ಅಂತ ಮಾತು ಬಂದಾಗ, ಆ ಕಾಡು ಕಂಡವನ ಮಾತಿಗೆ ತೂಕ ಬರುತ್ತದೆ. ಕಾಣದವನನ್ನು ‘ನಿಮಗೇನು ಗೊತ್ತು’ ಅಂತ ಕೂರಿಸುತ್ತಾರೆ.

ಬಸ್ಸು ಇದೆ, ದಾರಿ ಇದೆ

ಸರ್ಕಾರ ಮಾಡುವ ತನಕ ಸುಮ್ಮನೆ ಕೂರಬೇಕಿಲ್ಲ. ಜೀಪು ಇಲ್ಲದೆಯೂ ನೋಡುವಂಥದ್ದು ನಮ್ಮ ಸುತ್ತ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಅವ್ವಂದಿರು, ಅಕ್ಕಂದಿರು ಅದರಲ್ಲಿ ಧರ್ಮಸ್ಥಳ, ಸವದತ್ತಿ ನೋಡಿ ಬಂದಿದ್ದಾರೆ. ಈ ಚಳಿಗಾಲದಲ್ಲಿ ಮಾಗಡಿ ಕೆರೆಯನ್ನೂ ಆ ಪಟ್ಟಿಗೆ ಸೇರಿಸ್ರಿ.

ಮಾಗಡಿ ಇರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ. ಕುಂದಗೋಳದವರು ಗುಡಗೇರಿ ಮೇಲೆ ಲಕ್ಷ್ಮೇಶ್ವರಕ್ಕೆ ಹೋದರೆ ಅಲ್ಲಿಂದ ಹತ್ತಿರ. ಅಣ್ಣಿಗೇರಿಯವರು ಗದಗ ಮೇಲೆ ಹೋಗಬಹುದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುಮಾರು 8,000ದ ತನಕ ಅಲ್ಲಿ ಸೇರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಮೇಯುವುದು ಸುತ್ತಲಿನ ಹೊಲಗಳಲ್ಲಿ. ಅಲ್ಲಿನ ರೈತರು ಅವನ್ನು ಹೊಡೆಯದೆ ಬಿಟ್ಟಿದ್ದಕ್ಕೇ ಆ ಕೆರೆಗೆ 2024ರಲ್ಲಿ ರಾಮ್ಸಾರ್ ಅನ್ನುವ ಜಾಗತಿಕ ಮನ್ನಣೆ ಸಿಗುವ ಹಾಗಾಯಿತು. ಮನ್ನಣೆಯ ಫಲಕದಲ್ಲಿ ಆ ರೈತರ ಹೆಸರೂ ಬರೆಯಬೇಕಿತ್ತು.

ಕಲಘಟಗಿ ಕಡೆಯವರಿಗೆ ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮ ಇದೆ. ದೂರ ಹೋಗುವ ಮನಸ್ಸಿದ್ದರೆ ಹುಬ್ಬಳ್ಳಿಯಿಂದ ರಾಣೆಬೆನ್ನೂರಿಗೆ ಬಸ್ಸು, ರೈಲು ಎರಡೂ ಇವೆ. ಅಲ್ಲಿನ ಅಭಯಾರಣ್ಯ 1974ರಲ್ಲಿ ಚಿಗರಿಗಾಗಿಯೇ ಆದದ್ದು, 119 ಚದರ ಕಿ.ಮೀ. ನಮ್ಮ ಹೊಲದಲ್ಲಿ ಶತ್ರುವಿನ ಹಾಗೆ ಕಾಣುವ ಪ್ರಾಣಿ ತನ್ನ ನೆಲದಲ್ಲಿ ಹೇಗಿರುತ್ತದೆ ಅಂತ ಒಮ್ಮೆ ನೋಡ್ರಿ. ಎರಡು ಗಂಡು ಕೊಂಬಿಗೆ ಕೊಂಬು ಕೊಟ್ಟು ನಿಂತದ್ದು ನೋಡಿದರೆ ಬೆಳೆ ಹಾನಿಯ ಸಿಟ್ಟು ಹೋಗುವುದಿಲ್ಲ, ಆದರೆ ಪ್ರಾಣಿಯ ಮೇಲಿನ ಸಿಟ್ಟು ಯೋಜನೆ ಮಾಡಬೇಕಾದವರ ಕಡೆ ತಿರುಗುತ್ತದೆ. ಅದು ತಿರುಗಬೇಕಾದದ್ದೂ ಆ ಕಡೆಗೇ.

ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗ್ರಿ, ಬಾಟಲಿ ವಾಪಸ್ ತರ್ರಿ. ನಸುಕಿನಲ್ಲಿ, ಇಲ್ಲವೇ ಹೊತ್ತು ಇಳಿದ ಮೇಲೆ ನೋಡ್ರಿ. ಹತ್ತಿರ ಹೋಗಿ ಸೆಲ್ಫಿ ತೆಗೆಯಲು ಹೋದರೆ ಹಕ್ಕಿ ಹಾರುತ್ತದೆ, ಚಿಗರಿ ಓಡುತ್ತದೆ, ನಿಮ್ಮ ಹಿಂದೆ ಬಂದವರಿಗೂ ಏನೂ ಕಾಣುವುದಿಲ್ಲ.

ನಾವು ಕೇಳೋದು

ಬೇಡಿಕೆ ನಾಲ್ಕೇ ನಾಲ್ಕು.

ಒಂದು, ಕಾಳಿ ಮೀಸಲು ಪ್ರದೇಶದ ಸಫಾರಿಯಲ್ಲಿ ಪ್ರತಿ ದಿನ ಇಷ್ಟು ಸೀಟು ಅಂತ ಸುತ್ತಲಿನ ಜಿಲ್ಲೆಗಳ ಹಳ್ಳಿಯವರಿಗೆ ಮೀಸಲಿಡಬೇಕು. ದರ ಬೇರೆಯವರ ಕಾಲುಭಾಗ ಇರಬೇಕು. ರೇಷನ್ ಕಾರ್ಡ್ ಅಥವಾ ಆಧಾರ್ ತೋರಿಸಿದರೆ ಸಾಕು, ಮತ್ತೊಂದು ಪ್ರಮಾಣಪತ್ರ ಕೇಳಬಾರದು.

ಎರಡು, ವಾಯವ್ಯ ಸಾರಿಗೆ ಸಂಸ್ಥೆ ತಿಂಗಳಿಗೆ ಎರಡು ಭಾನುವಾರವಾದರೂ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಿಂದ ಸಫಾರಿ ಹೊತ್ತಿಗೆ ಹೊಂದುವ ಬಸ್ಸು ಬಿಡಬೇಕು. ಜಾತ್ರೆಗೆ ವಿಶೇಷ ಬಸ್ಸು ಬಿಡುವ ಸಂಸ್ಥೆಗೆ ಇದು ಕಷ್ಟದ ಕೆಲಸವಲ್ಲ.

ಮೂರು, ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಒಳ್ಳೆಯ ಕಾರ್ಯಕ್ರಮ. ಸರ್ಕಾರಿ ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಅದರಲ್ಲಿ ಚಿಗರಿ, ಆನೆ ಹಾವಳಿ ಇರುವ ಊರುಗಳ ಶಾಲೆಗಳಿಗೆ ಮೊದಲ ಸರದಿ ಕೊಡಬೇಕು. ಮಕ್ಕಳ ಜೊತೆ ತಾಯಿತಂದೆಯರಿಗೂ ಒಂದು ದಿನ ಇರಬೇಕು. ರಾತ್ರಿ ಹೊಲ ಕಾಯುವವರು ಅವರೇ ಅಲ್ಲವೇ?

ನಾಲ್ಕು, ವನ್ಯಜೀವಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿ ಪ್ರಕಾರ ಪ್ರತಿ ಹುಲಿ ಮೀಸಲು ಪ್ರದೇಶಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ಸ್ಥಳೀಯರನ್ನು ಸೇರಿಸಿಕೊಂಡು ಪರಿಸರ ಪ್ರವಾಸ ನಡೆಸುವುದು ಅದರ ಉದ್ದೇಶಗಳಲ್ಲಿ ಒಂದು. ‘ಸ್ಥಳೀಯರು’ ಅಂದರೆ ಗೇಟಿನ ಪಕ್ಕದ ಊರು ಮಾತ್ರ ಅಂತ ಅರ್ಥ ಮಾಡಬಾರದು. ಆನೆ ಎಲ್ಲಿವರೆಗೆ ಬಂದು ಬೆಳೆ ತುಳಿಯುತ್ತದೋ ಅಲ್ಲಿವರೆಗೂ ಸ್ಥಳೀಯರೇ. ಸಫಾರಿ ಆದಾಯದ ಒಂದು ಪಾಲು ಆ ಪಂಚಾಯಿತಿಗಳ ಬೆಳೆ ಕಾವಲಿಗೆ, ಬೇಲಿಗೆ, ತಡವಿಲ್ಲದ ಪರಿಹಾರಕ್ಕೆ ಬರಬೇಕು.

ಇವುಗಳಲ್ಲಿ ಒಂದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಸಂಬಂಧಪಟ್ಟ ಇಲಾಖೆಗಳು ಮನಸ್ಸು ಮಾಡಿ ಆದೇಶ ಹೊರಡಿಸಿದರೆ ಆಗುವಂಥವು. ಆ ಮನಸ್ಸು ತಾನಾಗಿ ಬರುವುದಿಲ್ಲ, ಕೇಳಬೇಕು. ಮುಂದಿನ ಗ್ರಾಮಸಭೆ ನಿಮ್ಮೂರಿನಲ್ಲಿ ಯಾವಾಗ ಅಂತ ಇವತ್ತೇ ಪಂಚಾಯಿತಿಯಲ್ಲಿ ವಿಚಾರಿಸ್ರಿ. ಗಟಾರ, ಬೀದಿದೀಪ, ನಳದ ಮಾತು ಆಡಿ, ಆಮೇಲೆ ಎದ್ದು ನಿಂತು ಈ ನಾಲ್ಕು ಬೇಡಿಕೆ ಓದ್ರಿ. ಕೆಲವರು ನಗಬಹುದು, ನಗಲಿ. ಠರಾವು ಪುಸ್ತಕದಲ್ಲಿ ಬರೆಸದೆ ಮಾತ್ರ ಕೂರಬೇಡ್ರಿ. ಬರೆದ ಠರಾವಿನ ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಅರಣ್ಯ ಇಲಾಖೆಗೆ, ಒಂದು ನಿಮ್ಮ ಶಾಸಕರಿಗೆ ಕಳಿಸ್ರಿ. ಒಂದು ಊರಿನ ಕಾಗದ ಕಪಾಟಿನಲ್ಲಿ ಉಳಿಯುತ್ತದೆ. ನಾಲ್ಕು ತಾಲೂಕಿನ ನೂರು ಊರಿನ ಕಾಗದ ಬಂದರೆ ಕಪಾಟು ಸಾಲುವುದಿಲ್ಲ, ಯಾರಾದರೂ ತೆಗೆದು ಓದಲೇಬೇಕಾಗುತ್ತದೆ.